ಮಳೆಯಲ್ಲಿ ಬೈಕ್: ಕೈ ಒದ್ದೆಯಾಗದಿರಲು ಮೊದಲು ಮಣಿಕಟ್ಟು ನೋಡಿ

ಜುಲೈನಲ್ಲಿ ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿ, ಚೋರ್ಲಾ ಘಾಟ್ ಕಡೆ ಹೋಗುವ ರಸ್ತೆಯಲ್ಲಿ ಯಾವುದಾದರೂ ಚಹಾ ಅಂಗಡಿ ಮುಂದೆ ನಿಂತು ನೋಡಿ. ಬೈಕ್ ನಿಲ್ಲಿಸಿದ ಹುಡುಗರು ಗ್ಲೌಸ್ ಬಿಚ್ಚಿ ಹಿಂಡುತ್ತಿರುತ್ತಾರೆ. ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿರುತ್ತದೆ. ‘ವಾಟರ್‌ಪ್ರೂಫ್ ಅಂತ ರೊಕ್ಕ ಕೊಟ್ಟು ತಂದ್ರೂ ಹಿಂಗ ಆತು ನೋಡ್ರಿ’ ಅಂತ ಗ್ಲೌಸ್ ಮಾರಿದವರಿಗೆ ಬೈಗುಳ. ಆದರೆ ಜಾಸ್ತಿ ಸಲ ನೀರು ಬರುವುದು ಗ್ಲೌಸಿನ ಬಟ್ಟೆಯಿಂದಲ್ಲ, ಮಣಿಕಟ್ಟಿನ ಹತ್ತಿರ ಇರುವ ಅದರ ಬಾಯಿಯಿಂದ.

ಒದ್ದೆ ಕೈಗೆ ಗಾಳಿ ಬಡಿದರೆ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಎಷ್ಟು ಹಿಡಿದಿದ್ದೇವೆ ಅನ್ನುವುದೇ ತಿಳಿಯುವುದಿಲ್ಲ. ಘಾಟಿನ ತಿರುವಿನಲ್ಲಿ ಇದು ತುಂಬಾ ಅಪಾಯ.

ಮೊದಲು ಕೊಳ್ಳುವ ಮಾತು. ಒಳಗೆ ನೀರು ತಡೆಯುವ ಬೇರೆ ಪದರ ಇರುವ ಗ್ಲೌಸನ್ನೇ ಕೊಳ್ಳಿ. ‘ವಾಟರ್ ರೆಸಿಸ್ಟೆಂಟ್’ ಅಂತ ಬರೆದಿದ್ದರೆ ಅದು ತುಂತುರು ಮಳೆಗೆ ಮಾತ್ರ. ಮೇಲಷ್ಟೇ ರಬ್ಬರಿನಂತೆ ಹೊಳೆಯುವ ಅಗ್ಗದ ಗ್ಲೌಸ್ ಬೇಡವೇ ಬೇಡ, ಹೊಲಿಗೆಯ ಸೂಜಿ ತೂತಿನಿಂದಲೇ ನೀರು ಇಳಿಯುತ್ತದೆ. ಮನೆಗೆ ತಂದ ಮೇಲೆ ಕೈಗೆ ಹಾಕಿಕೊಂಡು, ಬಕೆಟ್ ನೀರಿನಲ್ಲಿ ಅಂಗೈ ಮುಳುಗುವಷ್ಟು ಇಳಿಸಿ. ಗ್ಲೌಸಿನ ಬಾಯಿ ನೀರಿನ ಮೇಲೆಯೇ ಇರಲಿ. ಐದು ನಿಮಿಷ ಬೆರಳು ಮಡಚುತ್ತ, ಬಿಡಿಸುತ್ತ ಇರಿ. ಒಳಗೆ ತಣ್ಣಗಾದರೂ ಒಣಗಿದ್ದರೆ ಗ್ಲೌಸ್ ಸರಿಯಿದೆ.

ಆಮೇಲೆ ರೇನ್‌ಕೋಟ್. ಅಂಗಡಿಯಲ್ಲಿ ಕೈ ಇಳಿಬಿಟ್ಟು ನಿಂತು ಅಳತೆ ನೋಡಬೇಡಿ. ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಕೋಟಿನ ತೋಳು ಹಿಂದಕ್ಕೆ ಸರಿದು ಮಣಿಕಟ್ಟಿನ ಗಂಟು ಕಂಡರೆ ಒಂದು ಸೈಜ್ ದೊಡ್ಡದು ಬೇಕು. ಗಂಟು ದಾಟಿ ಮೂರು ಬೆರಳಷ್ಟು ತೋಳು ಮುಂದೆ ಉಳಿಯಬೇಕು.

ಇನ್ನು ಎಲ್ಲರೂ ಕೆಡಿಸುವ ಹಂತ: ಹಾಕಿಕೊಳ್ಳುವುದು. ಹ್ಯಾಂಡಲ್ ಹಿಡಿದಾಗ ಭುಜ ಮೇಲೆ, ಕೈ ಕೆಳಗೆ. ಭುಜಕ್ಕೆ ಬಿದ್ದ ಮಳೆಯೆಲ್ಲ ತೋಳಿನ ಗುಂಟ ಇಳಿದು ಮಣಿಕಟ್ಟಿಗೆ ಬರುತ್ತದೆ. ಗ್ಲೌಸಿನ ಅಗಲ ಬಾಯಿಯನ್ನು ತೋಳಿನ ಮೇಲೆ ಎಳೆದುಕೊಂಡಿದ್ದರೆ ಆ ನೀರು ನೇರವಾಗಿ ಒಳಗೆ. ಖಾನಾಪುರದ ಹಂಚಿನ ಮನೆ ನೋಡಿ, ಮೇಲಿನ ಸಾಲಿನ ಹಂಚು ಕೆಳಗಿನ ಸಾಲಿನ ಮೇಲೆ ಬಂದಿರುತ್ತದೆ ಅಲ್ವಾ? ಇಲ್ಲೂ ಹಾಗೇ. ಗ್ಲೌಸ್ ಒಳಗೆ, ತೋಳು ಹೊರಗೆ.

ಕೈಗೆ ಗ್ಲೌಸ್ ಬಂದ ಮೇಲೆ ಜಿಪ್ ಹಿಡಿಯಲು ಆಗುವುದಿಲ್ಲ. ಅದಕ್ಕೇ ರೇನ್‌ಕೋಟಿನ ಜಿಪ್, ಹೆಲ್ಮೆಟ್ ಪಟ್ಟಿ, ಮೊಬೈಲ್ ಒಳಗಿಡುವುದು, ಎಲ್ಲ ಮುಗಿಸಿ. ಕೈ ಒರೆಸಿಕೊಳ್ಳಿ. ಎರಡೂ ತೋಳನ್ನು ಮೊಣಕೈ ಕಡೆ ಒಂದು ಗೇಣು ಸರಿಸಿ. ಬಲಗೈಗೆ ಗ್ಲೌಸ್ ಹಾಕಿ ಮಣಿಕಟ್ಟಿನ ಪಟ್ಟಿ ಬಿಗಿ ಮಾಡಿ, ಅದರ ಮೇಲೆ ತೋಳು ಎಳೆದು ವೆಲ್ಕ್ರೋ ಅಂಟಿಸಿ. ಬ್ರೇಕ್ ಹಿಡಿಯುವ ಕೈ ಅದು, ಎಡಗೈ ಬೆರಳು ಬರಿದಾಗಿರುವಾಗಲೇ ನೀಟಾಗಿ ಮಾಡಿಕೊಳ್ಳಬೇಕು. ಕೊನೆಗೆ ಎಡಗೈ. ತೋಳಿಗೆ ಬರೀ ಎಲಾಸ್ಟಿಕ್ ಇದ್ದು ಸಡಿಲವಾಗಿದ್ದರೆ ಮೇಲೊಂದು ಅಗಲ ರಬ್ಬರ್ ಬ್ಯಾಂಡ್ ಹಾಕಿ, ರಕ್ತ ಕಟ್ಟುವಷ್ಟು ಬಿಗಿ ಬೇಡ. ಗ್ಲೌಸಿನ ಬಾಯಿ ದಪ್ಪಗಿದ್ದು ತೋಳಿನೊಳಗೆ ಹೋಗದಿದ್ದರೆ ಮಳೆಗಾಲಕ್ಕೆ ಗಿಡ್ಡ ಬಾಯಿಯದನ್ನೇ ತನ್ನಿ. ಹ್ಯಾಂಡಲ್ ಎತ್ತರವಾಗಿದ್ದು ಮೊಣಕೈಗಿಂತ ಕೈ ಮೇಲೆ ಬರುವ ಬೈಕ್‌ಗಳಿಗೆ ಮಾತ್ರ ಇದು ತಿರುಗುಮುರುಗು: ಗ್ಲೌಸ್ ಹೊರಗೆ, ತೋಳು ಒಳಗೆ.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಹೋಗುವವರಿಗೆ ಒಂದು ಮಾತು: ದಯವಿಟ್ಟು ಬೇಡ. ಲಿವರ್ ಮೇಲೆ ಜಾರುತ್ತದೆ. ಅದರ ಬದಲು ಮೆಡಿಕಲ್ ಶಾಪಿನಲ್ಲಿ ಸಿಗುವ ತೆಳ್ಳನೆಯ ನೈಟ್ರೈಲ್ ಗ್ಲೌಸ್ ಒಳಗೆ ಹಾಕಿಕೊಳ್ಳಿ. ಬೆವರುತ್ತದೆ ನಿಜ, ಆದರೆ ಹೊರಗಿನ ಗ್ಲೌಸ್ ನೆನೆದರೂ ತಣ್ಣೀರು ಚರ್ಮಕ್ಕೆ ತಾಗುವುದಿಲ್ಲ. ಬೆಳಗಾವಿ ಊರೊಳಗೇ ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ಡ್ಯೂಟಿಗೆ ಹೋಗುವವರಿಗೆ ಮಾಮೂಲಿ ಗ್ಲೌಸ್ ಜೊತೆ ಇಷ್ಟೇ ಸಾಕು. ಅಥಣಿ, ರಾಮದುರ್ಗ ಕಡೆಯವರು ಇಷ್ಟೆಲ್ಲ ಖರ್ಚು ಮಾಡುವುದೇ ಬೇಡ, ಅಲ್ಲಿ ಮಳೆ ಕಡಿಮೆ. ದಿನಾ ಘಾಟ್ ಕಡೆ ಓಡಾಡುವವರು ಹ್ಯಾಂಡಲ್‌ಗೆ ಹ್ಯಾಂಡ್ ಗಾರ್ಡ್ ಹಾಕಿಸಲೇಬೇಕು. ಎದುರಿನಿಂದ ಹೊಡೆಯುವ ಮಳೆ, ಗಾಳಿ ಎರಡನ್ನೂ ಅದು ಸಾಕಷ್ಟು ತಡೆಯುತ್ತದೆ.

ದಾರಿಯಲ್ಲಿ ಗ್ಲೌಸ್ ಬಿಚ್ಚುವಾಗ ಮಣಿಕಟ್ಟು ಹಿಡಿದು ಎಳೆಯಬೇಡಿ. ಒದ್ದೆ ಕೈ ಜೊತೆ ಒಳಪದರವೂ ಕಿತ್ತು ಬರುತ್ತದೆ, ಮತ್ತೆ ಬೆರಳು ಅದರ ಜಾಗಕ್ಕೆ ಹೋಗುವುದೇ ಇಲ್ಲ. ಒಂದೊಂದೇ ಬೆರಳ ತುದಿ ಹಿಡಿದು ಸ್ವಲ್ಪ ಸ್ವಲ್ಪ ಸಡಿಲಿಸಿ. ಪೆಟ್ರೋಲ್ ರೊಕ್ಕ ಮೇಲಿನ ಜೇಬಿನಲ್ಲೇ ಇದ್ದರೆ ಬಿಚ್ಚುವ ಕೆಲಸವೇ ಕಡಿಮೆ.

ಮನೆಗೆ ಬಂದ ಮೇಲೆ ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ. ಬೆರಳೊಳಗೆ ಹಳೆ ಪೇಪರ್ ಸುತ್ತಿ ತುರುಕಿ, ಎರಡು ತಾಸಿಗೊಮ್ಮೆ ಬದಲಿಸಿ, ಬಾಯಿ ಕೆಳಗೆ ಮಾಡಿ ಫ್ಯಾನ್ ಗಾಳಿಗೆ ಕಟ್ಟಿ. ಬಿಸಿ ಸೈಲೆನ್ಸರ್ ಮೇಲೆ, ಒಲೆ ಹತ್ತಿರ ಇಟ್ಟರೆ ಚರ್ಮದ ಗ್ಲೌಸ್ ಸೆಟೆದುಕೊಳ್ಳುತ್ತದೆ, ಒಳಗಿನ ಪದರದ ಅಂಟೂ ಬಿಡುತ್ತದೆ.