ಚಿತ್ರ ಇದೆ, ಚೆಂಡೆ ಕೇಳುತ್ತಿಲ್ಲ: ಎಡಿಟಿಂಗ್‌ನಲ್ಲಿ ಧ್ವನಿ ಸರಿಪಡಿಸುವುದು ಹೇಗೆ?

ತಿರುಗಾಟ ಮುಗಿಯುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಹುಡುಗರು ತಿರುಗಾಟದ ಕಾಲದಲ್ಲಿ ಚಿತ್ರೀಕರಿಸಿದ ಆಟಗಳನ್ನೆಲ್ಲ ಎಡಿಟ್ ಮಾಡಲು ಕೂರುತ್ತಾರೆ. ವೇಷ ಕಾಣುತ್ತದೆ, ಪದ (ಭಾಗವತರ ಹಾಡು) ಕೇಳುವುದಿಲ್ಲ. ಕೂಡಲೇ ಫೈಲಿನ ಹೆಸರಿನ ಕೊನೆಯ ‘ಎಂಟಿಎಸ್’ ಅಳಿಸಿ ‘ಎಂಪಿ4’ ಎಂದು ಬರೆಯುತ್ತಾರೆ. ಅದರಿಂದ ಏನೂ ಆಗದು. ಎಂಪಿ4, ಎಂಒವಿ, ಎಂಕೆವಿ ಎಲ್ಲ ಬರೀ ಡಬ್ಬಿಗಳು. ಒಳಗೆ ಚಿತ್ರಕ್ಕೊಂದು, ಧ್ವನಿಗೊಂದು ಕೋಡೆಕ್, ಅಂದರೆ ಅದನ್ನು ಅಡಕಮಾಡಿ ಬರೆಯುವ ವಿಧಾನ, ಇರುತ್ತದೆ. ಧ್ವನಿಯ ಕೋಡೆಕ್ ಎಡಿಟರ್‌ಗೆ (ಎಡಿಟಿಂಗ್ ತಂತ್ರಾಂಶಕ್ಕೆ) ತಿಳಿಯದಿದ್ದರೆ ಚಿತ್ರ ಮಾತ್ರ ಬರುತ್ತದೆ.

ಮೊದಲು ಟ್ರ್ಯಾಕ್ ಮ್ಯೂಟ್ ಆಗಿದೆಯೇ, ಧ್ವನಿ ಬ್ಲೂಟೂತ್‌ಗೆ ಹೋಗುತ್ತಿದೆಯೇ ನೋಡಿ.

ಆಮೇಲೆ ಫೈಲನ್ನು ವಿಎಲ್‌ಸಿ ಪ್ಲೇಯರ್‌ನಲ್ಲಿ ಹಾಕಿ. ಅಲ್ಲಿ ಕೇಳಿಸಿದರೆ ಫೈಲ್ ಕೆಟ್ಟಿಲ್ಲ. ಈಗ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಎರಡು ಸಾಲು ಓದಿ: ಆಡಿಯೊ ಫಾರ್ಮ್ಯಾಟ್ ಮತ್ತು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಮೋಡ್. ಹಳೆಯ ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಆದರೆ ಧ್ವನಿ ಸಾಮಾನ್ಯವಾಗಿ ಎಸಿ-3; ಕೆಲವು ಎಡಿಟರ್‌ಗಳು ಅದನ್ನು ಓದುವುದಿಲ್ಲ. ಫೋನಿನದ್ದು ಎಎಸಿ. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟರ್‌ನ ಉಚಿತ ಆವೃತ್ತಿ ಎಎಸಿಯನ್ನೇ ಓದದು. ಅಲ್ಲಿ ಧ್ವನಿಯನ್ನು ಪಿಸಿಎಂಗೆ (ಅಡಕಮಾಡದ ಧ್ವನಿಗೆ) ಬದಲಿಸಲೇಬೇಕು. ನನ್ನನ್ನು ಕೇಳಿದರೆ, ಹೊಸಬರು ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಬಳಸಲಿ. ಎರಡೂ ಉಚಿತ, ಎಫ್‌ಎಫ್‌ಎಂಪೆಗ್ ಎಂಬ ಕೋಡೆಕ್ ಓದುವ ತಂತ್ರಾಂಶದ ಬಲದಿಂದ ಹೆಚ್ಚುಕಡಿಮೆ ಎಲ್ಲವನ್ನೂ ಓದುತ್ತವೆ.

ಹೆಚ್ಚಿನವರು ಎಡವುವುದು ಪರಿವರ್ತನೆಯಲ್ಲಿ. ಫೋನ್‌ಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟ್ ಏರಿಳಿಸುತ್ತವೆ. ಮೀಡಿಯಾಇನ್ಫೊದಲ್ಲಿ ‘ವೇರಿಯಬಲ್’ ಎಂದಿದ್ದರೆ ಅದೇ. ಇಂಥ ಫೈಲಿನಲ್ಲಿ ಪ್ರಸಂಗದ ಆರಂಭ ಸರಿಯಿರುತ್ತದೆ, ಹೋಗಹೋಗುತ್ತ ಚೆಂಡೆಯ ಕೋಲು ಬಿದ್ದು ಸ್ವಲ್ಪ ಹೊತ್ತಿಗೆ ಪೆಟ್ಟು ಕೇಳುತ್ತದೆ. ಟೈಮ್‌ಲೈನ್‌ನಲ್ಲಿ ಧ್ವನಿಯನ್ನು ಅತ್ತಿತ್ತ ಸರಿಸಿ ಇದನ್ನು ಸರಿಮಾಡಲಾಗದು: ಇಲ್ಲಿ ಕೂಡಿಸಿದರೆ ಮುಂದೆ ತಪ್ಪುತ್ತದೆ. ಎಡಿಟಿಂಗ್‌ಗೆ ಮೊದಲೇ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತನೆಯ ತಂತ್ರಾಂಶದಲ್ಲಿ ಪರಿವರ್ತಿಸಿ. ವಿಡಿಯೊ ವಿಭಾಗದಲ್ಲಿ ಎಚ್.264, ಫ್ರೇಮ್ ರೇಟ್ 30 (ಕ್ಯಾಮರಾ 25ರಲ್ಲಿ ಹಿಡಿದಿದ್ದರೆ 25) ಆರಿಸಿ. ಪಕ್ಕದಲ್ಲಿ ‘ಪೀಕ್ ಫ್ರೇಮ್ ರೇಟ್’ ಎಂದಿರುತ್ತದೆ. ಅದನ್ನು ‘ಕಾನ್ಸ್ಟಂಟ್’ಗೆ ಬದಲಿಸಿ. ಈ ಗುಂಡಿಯನ್ನು ಮರೆತರೆ ಇಡೀ ರಾತ್ರಿ ಕಂಪ್ಯೂಟರ್ ಓಡಿದ್ದು ವ್ಯರ್ಥ. ಗುಣಮಟ್ಟದ ಸಂಖ್ಯೆ 18ರ ಆಸುಪಾಸು ಇರಲಿ. ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಆಡಿಯೊ ಎಎಸಿ (ಮೇಲೆ ಹೇಳಿದ ಲಿನಕ್ಸ್‌ನ ರಿಸಾಲ್ವ್‌ಗೆ ಇದು ಆಗದು), ಸ್ಯಾಂಪಲ್ ರೇಟ್ 48. ಮೊದಲು ಒಂದು ಸಣ್ಣ ತುಣುಕು ಮಾಡಿ, ಪೆಟ್ಟೂ ಕೋಲೂ ಕೂಡುತ್ತವೆಯೇ ನೋಡಿಯೇ ಉಳಿದದ್ದು ಹಾಕಿ.

ಅಡ್ಡದಾರಿಗಳು ಬೇಡ. ‘ಕೋಡೆಕ್ ಪ್ಯಾಕ್’ಗಳು ವಿಂಡೋಸ್ ಕೆಡಿಸಬಹುದು, ಹೆಚ್ಚಿನ ಎಡಿಟರ್‌ಗಳು ಅವನ್ನು ಬಳಸುವುದೂ ಇಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಬಂದದ್ದನ್ನು ಮೂಲವೆಂದು ಎಡಿಟ್ ಮಾಡಬೇಡಿ. ಡಾಕ್ಯುಮೆಂಟ್ ಆಗಿ ತರಿಸಿ.

ಇಷ್ಟಾದರೂ ಒಂದು ತೊಂದರೆ ಉಳಿಯಬಹುದು: ಇಯರ್‌ಫೋನ್‌ನಲ್ಲಿ ಭಾಗವತರ ಪದ ಕೇಳುತ್ತದೆ, ಫೋನಿನ ಸ್ಪೀಕರ್‌ನಲ್ಲಿ ಮಾಯ. ಇದಕ್ಕೆ ಫಾರ್ಮ್ಯಾಟ್ ಕಾರಣವಲ್ಲ. ಧ್ವನಿವರ್ಧಕದವರ ಮಿಕ್ಸರ್‌ನ ಬ್ಯಾಲೆನ್ಸ್ಡ್ ಔಟ್‌ಪುಟನ್ನು (ಒಂದೇ ಧ್ವನಿ ಒಂದು ತಂತಿಯಲ್ಲಿ ನೇರ, ಇನ್ನೊಂದರಲ್ಲಿ ತಲೆಕೆಳಗು) ಕ್ಯಾಮರಾದ ಸ್ಟೀರಿಯೊ ಮೈಕ್ ತೂತಿಗೆ ಸಿಕ್ಕಿಸಿದರೆ ಎಡ, ಬಲ ಚಾನೆಲ್‌ಗಳು ಒಂದಕ್ಕೊಂದು ತಲೆಕೆಳಗಾಗಿ ದಾಖಲಾಗುತ್ತವೆ. ಸ್ಪೀಕರ್ ಒಂದೇ ಆದಾಗ ಎರಡೂ ಕೂಡಿ ಸೊನ್ನೆಯಾಗುತ್ತವೆ. ಬಲ ಚಾನೆಲ್ ತೆಗೆದುಹಾಕಿ, ಎಡದ್ದನ್ನೇ ಎರಡೂ ಕಡೆಗೆ ನಕಲು ಮಾಡಿ. ಪದ ಮರಳಿ ಬರುತ್ತದೆ.