ಒದ್ದೆ ಹೊಯ್ಗೆಯ ಲೆಕ್ಕ

40 ಮೂಟೆ ಸಿಮೆಂಟು ಸಾಕು ಅಂತ ಮನೆಯವರಿಗೆ ಹೇಳಿದ್ದೆ. ಹೋಗಿದ್ದು 42. ಶಿರಸಿ ಹತ್ತಿರ ಅಡಿಕೆ ಒಣಗಿಸುವ ಅಂಗಳಕ್ಕೆ ಕಾಂಕ್ರೀಟು ಹಾಕುವ ಕೆಲಸ ಅದು. ನಾನು ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಬೇರೆ. ನಾಲ್ಕು ಇಂಚು ದಪ್ಪ, 1:2:4 ಮಿಶ್ರಣ, ಅಂದರೆ ಸಿಮೆಂಟು ಒಂದು ಪಾಲು, ಹೊಯ್ಗೆ (ಮರಳು) ಎರಡು, ಜಲ್ಲಿ ನಾಲ್ಕು. ಉದ್ದ ಅಗಲ ಮೂರು ಸಲ ಅಳೆದಿದ್ದೆ. ಎರಡು ಮೂಟೆ ಯಾರೋ ಎತ್ತಿಟ್ಟಿದ್ದಾರೆ ಅಂತ ಅನುಮಾನ ಬಂತು. ಬಾಯಿಬಿಟ್ಟು ಹೇಳಲಿಲ್ಲ, ಪುಣ್ಯ.

ಮೇಸ್ತ್ರಿಗೆ ಕೇಳಿದೆ. ಅವರು ಹೊಯ್ಗೆ ರಾಶಿಗೆ ಕೈ ಹಾಕಿ ಒಂದು ಹಿಡಿ ಹಿಂಡಿ ತೋರಿಸಿದರು. ಉಂಡೆ ಹಾಗೇ ನಿಂತಿತು. ಹಿಂದಿನ ವಾರ ಎರಡು ದಿನ ಮಳೆ ಬಿದ್ದಿತ್ತು.

"ತಮ್ಮಾ, ಇದು ಉಬ್ಬಿದ ಹೊಯ್ಗೆ. ಫರ್ಮಾ (ಅಳತೆಯ ಪೆಟ್ಟಿಗೆ) ತುಂಬಿದ್ದು ನೋಡಿದೆ ನೀನು. ಒಳಗೆ ಎಷ್ಟಿತ್ತು ನೋಡಿದ್ಯಾ?"

ಹೊಯ್ಗೆ (ಕಾರವಾರದ ಕಡೆ ರೇತಿ ಅಂತಾರೆ) ನೆನೆದರೆ ಭಾರವಾಗುತ್ತೆ ಅಂತ ಗೊತ್ತಿತ್ತು. ಉಬ್ಬುತ್ತೆ ಅಂತ ಗೊತ್ತಿರಲಿಲ್ಲ. ಸಂಜೆ ಮನೆಯಲ್ಲಿ ನಾನೇ ನೋಡಿದೆ. ನೆಟ್ಟಗಿನ ಗಾಜಿನ ಭರಣಿಗೆ ಆ ಹೊಯ್ಗೆಯನ್ನು ಸಡಿಲವಾಗಿ, ಅದುಮದೆ ಸುರಿದೆ. ಮಟ್ಟ ಮಾಡಿ ಸ್ಕೇಲು ಇಳಿಸಿದರೆ 20 ಸೆಂಟಿಮೀಟರ್. ಎಲ್ಲ ಹೊರಗೆ ತೆಗೆದು, ಭರಣಿಗೆ ಅರ್ಧ ನೀರು ಹಾಕಿ, ಅದೇ ಹೊಯ್ಗೆಯನ್ನು ಎರಡು ಸಲಕ್ಕೆ ಹಾಕುತ್ತಾ ಕಬ್ಬಿಣದ ಸರಳಿನಿಂದ ಕುತ್ತಿದೆ. ಗುಳ್ಳೆ ಬಂತು, ಹೊಯ್ಗೆ ಕೂತಿತು. ಈಗ 16 ಸೆಂಟಿಮೀಟರ್! ಅಂದರೆ ಮೊದಲು ಶೇಕಡಾ 25 ಉಬ್ಬಿತ್ತು. ಭಾರತೀಯ ಮಾನಕ ಐಎಸ್ 2386ರಲ್ಲಿ ಹೇಳಿರುವ ಪರೀಕ್ಷೆಯೇ ಇದು, ಖರ್ಚಿಲ್ಲ.

ಸ್ವಲ್ಪ ನೀರಿದ್ದಾಗ ಕಾಳು ಕಾಳಿನ ನಡುವೆ ನೀರು ಸಣ್ಣ ಸೇತುವೆ ಕಟ್ಟುತ್ತದೆ. ಅದು ಕಾಳುಗಳನ್ನು ಸಿಕ್ಕ ಸಿಕ್ಕ ಕಡೆಯೇ ಹಿಡಿದು ನಿಲ್ಲಿಸುತ್ತದೆ, ಜಾರಿ ಕೆಳಗೆ ಕೂರಲು ಬಿಡುವುದಿಲ್ಲ. ನಡುವೆ ಗಾಳಿ ಉಳಿಯುತ್ತದೆ. ಪೂರ್ತಿ ಮುಳುಗಿಸಿದರೆ ಗಾಳಿ ಹೋಯಿತು, ಸೇತುವೆಯೂ ಹೋಯಿತು. ಒಣ ಹೊಯ್ಗೆಯಷ್ಟೇ ಜಾಗಕ್ಕೆ ವಾಪಸ್ ಬರುತ್ತದೆ. ಶೇಕಡಾ ಐದಾರು ತೇವ ಇದ್ದಾಗ ಉಬ್ಬು ಜಾಸ್ತಿ. ನುಣುಪು ಹೊಯ್ಗೆಯಲ್ಲಿ ಇನ್ನೂ ಜಾಸ್ತಿ, ದಪ್ಪದ್ದರಲ್ಲಿ ಕಡಿಮೆ.

ಈಗ ಲೆಕ್ಕ ಸರಿಹೋಯಿತು. ಮೂಟೆಗೆ ಎರಡು ಫರ್ಮಾ ಹೊಯ್ಗೆ ಹಾಕಿದೆ ಅಂದುಕೊಂಡದ್ದು ನಿಜಕ್ಕೆ ಒಂದೂಮುಕ್ಕಾಲೂ ಇರಲಿಲ್ಲ. ಒಂದೊಂದು ಮೂಟೆಗೂ ಕಾಂಕ್ರೀಟು ಕಡಿಮೆ ಬಂತು, ಅದಕ್ಕೇ ಎರಡು ಮೂಟೆ ಹೆಚ್ಚು ಹೋಯಿತು. ಒಂದು ಮೂಲೆಯಲ್ಲಿ ಜಲ್ಲಿ ಎದ್ದು ಕಾಣುತ್ತಿದ್ದುದೂ ಹೊಯ್ಗೆ ಸಾಲದೆಯೇ.

ಅಲ್ಲಿಂದೀಚೆಗೆ ಒಂದು ಮೂಟೆ ಸಿಮೆಂಟಿಗೆ 35 ಲೀಟರಿನ ಫರ್ಮಾದಲ್ಲಿ ಅಳೆಯುವಾಗ ಇಷ್ಟು ಒದ್ದೆ ಹೊಯ್ಗೆ ಆದರೆ ಎರಡಲ್ಲ, ಎರಡೂವರೆ ಹಾಕಿಸುತ್ತೇನೆ. ಮಿಕ್ಸರಿಗೆ ನೀರನ್ನೂ ಕಡಿಮೆ ಮಾಡಿಸುತ್ತೇನೆ. ಹೊಯ್ಗೆಯೇ ಮೂಟೆಗೆ ಐದು ಲೀಟರ್ ಹತ್ತಿರ ನೀರು ಹೊತ್ತು ತಂದಿರುತ್ತದಲ್ವಾ? ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ.

ಮೊನ್ನೆ ಕಾರವಾರದ ಟ್ಯಾಗೋರ್ ಬೀಚಿನಲ್ಲಿ ಮಗಳ ಜೊತೆ ನಡೆಯುತ್ತಿದ್ದೆ. ಅಲೆ ಆಗಷ್ಟೇ ಹಿಂದೆ ಹೋದ ಒದ್ದೆ ಜಾಗದಲ್ಲಿ ಕಾಲಿಟ್ಟರೆ ಪಾದದ ಸುತ್ತ ಒಂದು ಕ್ಷಣ ಬಿಳಿಚಿ ಒಣಗಿದ ಹಾಗೆ ಕಂಡಿತು. "ಅಪ್ಪಾ, ನೀರು ಎಲ್ಲಿ ಹೋಯ್ತು?" ಅಂದಳು. ಗಟ್ಟಿ ಕೂತ ಕಾಳುಗಳನ್ನು ತುಳಿದರೆ ಅವು ಒಂದರ ಮೇಲೊಂದು ಹತ್ತಲೇಬೇಕು, ನಡುವಿನ ಜಾಗ ಹಿಗ್ಗುತ್ತದೆ, ಮೇಲಿನ ನೀರು ಆ ಜಾಗಕ್ಕೆ ಇಳಿಯುತ್ತದೆ. 1885ರಲ್ಲಿ ಬ್ರಿಟನ್ನಿನ ಎಂಜಿನಿಯರ್ ಆಸ್ಬರ್ನ್ ರೆನಾಲ್ಡ್ಸ್ ಇದನ್ನು ವಿವರಿಸಿದ್ದ. ಅವಳಿಗೆ ಸುಮ್ನೆ "ಒಳಗೆ ಹೋಯ್ತು" ಅಂದೆ.

ಆದರೆ ಹೊಯ್ಗೆಯ ಬುದ್ಧಿ ಕೆಂಪು ಮಣ್ಣಿಗೆ ನಡೆಯುವುದಿಲ್ಲ. ನೆಲದಡಿ ಹೊಯ್ಗೆ ತುಂಬಿದರೆ ನೀರು ಬಿಟ್ಟು ಮುಳುಗಿಸಿ ಕೂರಿಸಬಹುದು. ಅದೇ ಧೈರ್ಯದಲ್ಲಿ ಒಂದು ಸಲ ಮಣ್ಣಿಗೂ ಪೈಪು ಬಿಟ್ಟೆ. ದಿಮ್ಮಸು ಹಾಕಿದರೆ ಇಲ್ಲಿ ಒತ್ತಿದ್ದು ಪಕ್ಕದಲ್ಲಿ ಏಳುತ್ತಿತ್ತು, ರಬ್ಬರಿನ ಹಾಗೆ. ಮಣ್ಣು ಮುಷ್ಟಿಯಲ್ಲಿ ಉಂಡೆಯಾಗಬೇಕು, ಕೈಗೆ ನೀರು ಅಂಟಬಾರದು. ಆ ಹದದಲ್ಲಿ ಅರ್ಧ ಅಡಿಗೊಂದು ಪದರ ಬಡಿಯಬೇಕು. ನಾನು ಎಂಟು ದಿನ ಬಿಸಿಲಿಗೆ ಕಾದು, ಮತ್ತೆ ಅಗೆದು, ಮೊದಲಿಂದ ಬಡಿಸಿದೆ.