ಹತ್ತು ವಾರ, ಅರ್ಧ ಗಂಟೆ, ಒಂದು ಚೀಲ ಆಟಿಕೆ: ಕುಮಟೆಯಲ್ಲಿ ನನ್ನ ಅನುಭವ

"ನಮ್ಮ ಕಡೆ ತಾಯಂದಿರು ನೆಲದ ಮೇಲೆ ಕೂತು ಅರ್ಧ ಗಂಟೆ ಮಕ್ಕಳ ಜೊತೆ ಆಡ್ತಾರೆ ಅಂತ ಮಾಡಿದೀಯಾ? ಅದಕ್ಕೆ ನಿನಗೆ ದುಡ್ಡು ಬೇರೆ ಕೊಡ್ತಾರಾ?" ನಾನು ಕುಮಟೆಯಲ್ಲಿ ಆಟದ ಚಿಕಿತ್ಸೆ ಮಾಡುವವಳು, ಅಂದರೆ ಆಟದ ಮೂಲಕ ಮಗುವಿನ ಮನಸ್ಸಿನ ತೊಡಕನ್ನು ಅರಿತು ನೆರವಾಗುವವಳು. ಹತ್ತು ವಾರ, ವಾರಕ್ಕೆ ಅರ್ಧ ಗಂಟೆ, ನಾನು ಕೊಡುವ ಆಟಿಕೆ ಚೀಲ ಹಿಡಿದು ಮನೆಯಲ್ಲಿ ತಾಯಿಯೇ ಮಗುವಿನ ಜೊತೆ ಆಡುವುದನ್ನು ಕಲಿಸುತ್ತೇನೆ ಅಂದಾಗ ಹೀಗೆ ಕೇಳಿದವರು ಈ ಕೆಲಸದಲ್ಲಿ ನನಗಿಂತ ಹದಿನೈದು ವರ್ಷ ಹಿರಿಯರು. ಊರಿನ ಒಬ್ಬ ವೈದ್ಯರು ಇನ್ನೂ ನೇರವಾಗಿ, "ಆಟ ಆಡ್ಸೂದಕ್ಕೆ ಅಂಗನವಾಡಿ ಇದೆಯಲ್ಲ" ಅಂದಿದ್ದರು. ಅದಾಗಿ ಐದು ವರ್ಷವಾಯಿತು. ನೆನಪಿನ ಲೆಕ್ಕದಲ್ಲಿ ನಲವತ್ತರ ಹತ್ತಿರ ಕುಟುಂಬಗಳು ನನ್ನಲ್ಲಿ ಬಂದಿವೆ, ಇಪ್ಪತ್ತೇಳೋ ಇಪ್ಪತ್ತೆಂಟೋ ಹತ್ತು ವಾರ ಪೂರ್ತಿ ಮುಗಿಸಿವೆ. ಈಗ ಅದೇ ವೈದ್ಯರು ಮಕ್ಕಳನ್ನು ನನ್ನಲ್ಲಿಗೆ ಕಳಿಸುತ್ತಾರೆ. ಈ ಮಾತು ಬರೆಯುವಾಗ ನನಗೆ ಸಂತೋಷವಾಗುತ್ತಿದೆ, ಮುಚ್ಚಿಡುವುದಿಲ್ಲ.

ಅದಕ್ಕೂ ಮೊದಲಿನ ಎರಡು ವರ್ಷ ನಾನೂ ಎಲ್ಲರ ಹಾಗೇ ಮಾಡುತ್ತಿದ್ದೆ. ಮಗು ಒಳಗೆ ನನ್ನ ಜೊತೆ, ತಾಯಿ ಹೊರಗೆ ಜಗಲಿಯ ಬೆಂಚಿನ ಮೇಲೆ. ನಲವತ್ತೈದು ನಿಮಿಷ ಆದಮೇಲೆ ಬಾಗಿಲು ತೆಗೆದರೆ ತಾಯಿಯ ಮೊದಲ ಪ್ರಶ್ನೆ, "ಒಳಗೆ ಎಂತ ಹೇಳ್ದ ಅಕ್ಕೋರೇ?" ನಾನು ವಿವರಿಸುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಮಗು ನನ್ನ ಕೋಣೆಯಲ್ಲಿ ಹೂವಿನ ಹಾಗೆ ಅರಳುತ್ತಿತ್ತು, ಮನೆಗೆ ಹೋದ ಕೂಡಲೇ ಅದೇ ಹಠ, ಅದೇ ಹೊಡೆತ. ನಾನು ಕಂಡದ್ದನ್ನು ಮಾತಿನಲ್ಲಿ ದಾಟಿಸಲು ಆಗುವುದಿಲ್ಲ, ತಾಯಿಯೇ ಕಾಣಬೇಕು ಎಂಬುದು ನನಗೆ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗರ್ನಿ ದಂಪತಿ 1960ರ ದಶಕದಲ್ಲೇ ತಂದೆ-ತಾಯಿಯರಿಗೇ ಆಟದ ಚಿಕಿತ್ಸೆ ಕಲಿಸಿದ್ದರು, ಆಮೇಲೆ ಅಲ್ಲಿಯವರೇ ಆದ ಗ್ಯಾರಿ ಲ್ಯಾಂಡ್ರೆತ್ ಅದನ್ನು ಹತ್ತು ವಾರಕ್ಕೆ ಇಳಿಸಿದರು. ಅದನ್ನು ಕುಮಟೆಯ ಹಂಚಿನ ಮನೆಯೊಳಗೆ ಹೇಗೆ ನಡೆಸುವುದು ಎಂಬುದಷ್ಟೇ ನನ್ನ ತಲೆಬಿಸಿ ಆಗಿತ್ತು.

ದುಡ್ಡಿನ ಮಾತು ಮೊದಲು. ಕೋಣೆಗೆ ಬಾಡಿಗೆ ನಾಲ್ಕೂವರೆ ಸಾವಿರ, ಅಡ್ವಾನ್ಸ್ ಇಪ್ಪತ್ತೈದು ಸಾವಿರ. ಆಟಿಕೆಗೆ ಮೂವತ್ತೆಂಟು ಸಾವಿರ ಸುರಿದೆ, ಹೆಚ್ಚಿನದು ಬೆಂಗಳೂರಿನಿಂದ ತರಿಸಿದ್ದು. ಎರಡು ಅಂತಸ್ತಿನ ಗೊಂಬೆಮನೆಯಲ್ಲಿ ಸೋಫಾ ಇತ್ತು, ಬಾತ್‌ಟಬ್ ಇತ್ತು, ಒಲೆಯ ಮೇಲೆ ಕೇಕಿನ ಓವನ್ ಇತ್ತು. ಮಕ್ಕಳು ಅದನ್ನು ಅಂಗಡಿಯ ಗಾಜಿನೊಳಗಿನ ಸಾಮಾನು ನೋಡಿದ ಹಾಗೆ ನೋಡುತ್ತಿದ್ದರು, ಮುಟ್ಟಿದರೆ ಎಲ್ಲಿ ಬೈಯುತ್ತಾರೋ ಎಂಬ ಹಾಗೆ. ಅದನ್ನು ಅಟ್ಟಕ್ಕೆ ಹಾಕಿದೆ. ಸಂತೆಯಲ್ಲಿ ನೂರಿಪ್ಪತ್ತು ರೂಪಾಯಿಗೆ ಸಿಕ್ಕ ಸ್ಟೀಲಿನ ಅಡುಗೆ ಸೆಟ್ಟು, ಚನ್ನಪಟ್ಟಣದ ಮರದ ಬೀಸುಕಲ್ಲು, ಪ್ಲಾಸ್ಟಿಕ್ಕಿನ ಬಂಗಡೆ ಮೀನು ಇಟ್ಟೆ. ಪಕ್ಕದ ಬಡಗಿ ಹಲಸಿನ ಮರದಲ್ಲಿ ಅಂಗೈಯಗಲದ ಒಂದು ದೋಣಿ ಮಾಡಿಕೊಟ್ಟ. ಮಾರನೇ ವಾರದಿಂದ ಕೋಣೆಯಲ್ಲಿ ಮಾತು ಶುರುವಾಯಿತು. ಮೂವತ್ತೆಂಟರಲ್ಲಿ ಇಪ್ಪತ್ತೈದು ಸಾವಿರವಾದರೂ ನೀರಿಗೆ ಹೋಯಿತು. ಹೊಸಬರು ಯಾರಾದರೂ ಈ ಕೆಲಸಕ್ಕೆ ಕೈ ಹಾಕುವುದಿದ್ದರೆ ಆಟಿಕೆಯ ಪಟ್ಟಿಯನ್ನು ನಿಮ್ಮ ಊರಿನ ಅಡುಗೆಮನೆ, ಅಂಗಳ, ಬಂದರು ನೋಡಿ ಮಾಡಿ.

ಮರಳಿನ ಪೆಟ್ಟಿಗೆಯಲ್ಲೂ ಪೆಟ್ಟು ತಿಂದೆ. ಲಂಡನ್ನಿನಲ್ಲಿ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1929ರ ಹೊತ್ತಿಗೇ ಮಕ್ಕಳ ಕೈಯಲ್ಲಿ ಮರಳಿನ ಲೋಕ ಕಟ್ಟಿಸಿದ್ದರು. ಸಮುದ್ರ ದಂಡೆಯಲ್ಲಿ ಹುಟ್ಟಿದ ನನಗೆ ಮರಳಿಗೆ ಬರವೇ ಅಂದುಕೊಂಡೆ. ಇಪ್ಪತ್ತೆಂಟು ಇಂಚು ಉದ್ದ, ಹತ್ತೊಂಬತ್ತು ಅಗಲ, ಮೂರು ಆಳದ ಪೆಟ್ಟಿಗೆ ಮಾಡಿಸಿ, ಮರಳು ಸರಿಸಿದರೆ ನೀರಿನ ಹಾಗೆ ಕಾಣಲಿ ಅಂತ ತಳಕ್ಕೆ ನೀಲಿ ಬಣ್ಣ ಬಳಿಸಿ, ಧಾರೇಶ್ವರದ ಕಡಲ ಮರಳು ತುಂಬಿದೆ. ಮೇ ತಿಂಗಳಿಡೀ ಚೆನ್ನಾಗಿತ್ತು. ಜೂನಿನಲ್ಲಿ ಮಳೆ ಹಿಡಿದದ್ದೇ ಉಪ್ಪು ತೇವ ಎಳೆದು ಮರಳೆಲ್ಲ ಹಿಟ್ಟಿನ ಮುದ್ದೆ. ಬೆರಳಿಗೆ ಅಂಟುತ್ತದೆ, ಜಾರುವುದಿಲ್ಲ, ಗುಡ್ಡ ಮಾಡಿದರೆ ಕುಸಿಯುವುದಿಲ್ಲ. ಪೆಟ್ಟಿಗೆಯ ಮೂಲೆಯ ಮೊಳೆಗಳೂ ತುಕ್ಕು ಹಿಡಿದವು. ಏಳು ನೀರಿನಲ್ಲಿ ತೊಳೆದು, ಬಿಸಿಲಿಲ್ಲದ್ದಕ್ಕೆ ಬಚ್ಚಲ ಒಲೆಯ ಮೇಲೆ ಬಾಂಡ್ಲಿಯಲ್ಲಿ ಹುರಿದು ಒಣಗಿಸಿದೆ. ಆಗ ಸರಿಯಾಯಿತು. ಈಗ ಹೊಳೆ ಮರಳನ್ನು ಸಣ್ಣ ಜರಡಿಯಲ್ಲಿ ಜಾಲಿಸಿ ಇಡುತ್ತೇನೆ, ಆದರೂ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹುರಿಯುವುದು ತಪ್ಪುವುದಿಲ್ಲ. ಬಟ್ಟೆಯ ಕೈಗೊಂಬೆಗಳನ್ನು ಮಳೆಗಾಲದಲ್ಲಿ ಹೊರಗೆ ಇಡಲೇಬೇಡಿ. ಬೂಸು ಬಂದು ಒಂದು ಆನೆ, ಎರಡು ಅಜ್ಜಿ ಎಸೆಯಬೇಕಾಯಿತು.

ತಾಯಂದಿರ ಮೊದಲ ಬ್ಯಾಚು ಪೂರ್ತಿ ಮುಳುಗಿತು. ಆರು ಜನ ಸೇರಿದ್ದರು, ಮೂರನೇ ವಾರಕ್ಕೆ ಉಳಿದವರು ಇಬ್ಬರು. ನಾನು ನಾಲ್ಕು ಪುಟದ ಫಾರಂ ಕೊಟ್ಟಿದ್ದೆ, ಯಾರೂ ತುಂಬಲಿಲ್ಲ. ಆಟವನ್ನು ಮೊಬೈಲಿನಲ್ಲಿ ವೀಡಿಯೊ ಮಾಡಿ ತನ್ನಿ ಎಂದಿದ್ದೆ, ಕ್ಯಾಮೆರಾ ಕಂಡ ಕೂಡಲೇ ತಾಯಿ ಬಿಗಿಯುತ್ತಿದ್ದಳು, ಮಗು ಕುಣಿದು ತೋರಿಸುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ಪ್ರಶ್ನೆ ಕೇಳುವ ಚಟ. "ಇದು ಯಾವ ಬಣ್ಣ? ದೋಣಿಯಲ್ಲಿ ಎಷ್ಟು ಜನ? ಹಸುವಿಗೆ ಇಂಗ್ಲಿಷಿನಲ್ಲಿ ಎಂತ ಹೇಳ್ತಾರೆ?" ಆಟವೂ ಶಾಲೆ ಆಗಿಬಿಡುತ್ತಿತ್ತು. ಎರಡನೇ ಬ್ಯಾಚಿನಿಂದ ಫಾರಂ ಕಿತ್ತುಹಾಕಿ ಗೋಡೆಯ ಕ್ಯಾಲೆಂಡರ್ ಹಿಡಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಅದೇ ಚೌಕದಲ್ಲಿ ಎರಡೇ ಸಾಲು: ಮಗು ಏನು ಮಾಡಿತು, ನನಗೆ ಏನನಿಸಿತು. ಅರ್ಥ ಬರೆಯುವ ಹಾಗಿಲ್ಲ. ಇದನ್ನು ಎಲ್ಲರೂ ಮಾಡಿದರು. ಪ್ರಶ್ನೆಗೆ ಮಾಡಿದ ಮದ್ದು ಇನ್ನೂ ಸರಳ. ಮೊದಲ ವಾರ ತಾಯಿಗೆ ಒಂದು ಅಡಿಕೆ ಕೊಟ್ಟು ಮುಷ್ಟಿಯಲ್ಲಿ ಹಿಡಿಸುತ್ತೇನೆ. ಬಾಯಲ್ಲಿ ಪ್ರಶ್ನೆ ಬಂದರೆ ಅಡಿಕೆ ಈ ಕೈಯಿಂದ ಆ ಕೈಗೆ ಹೋಗಬೇಕು. ಅರ್ಧ ಗಂಟೆಯಲ್ಲಿ ಮೂವತ್ತು ಸಲ ಕೈ ಬದಲಿಸಿದವರೂ ಇದ್ದಾರೆ. ನಾಲ್ಕನೇ ವಾರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ.

ಆಮೇಲೆ ಭಾಷೆ. ಮಗುವಿನ ಮನಸ್ಸಿನಲ್ಲಿರುವುದನ್ನು ಅದಕ್ಕೇ ಹೇಳಿ ತೋರಿಸಲು ನಾವು ಕಲಿತ ವಾಕ್ಯಗಳು ಪುಸ್ತಕದ ಕನ್ನಡದಲ್ಲಿ ನಡೆಯುವುದೇ ಇಲ್ಲ. "ನಿನಗೆ ಕೋಪ ಬಂದಿರುವಂತೆ ಕಾಣುತ್ತಿದೆ" ಅಂತ ಒಬ್ಬ ತಾಯಿ ಶ್ರದ್ಧೆಯಿಂದ ಹೇಳಿದರೆ, ಐದು ವರ್ಷದ ಮಾಣಿ ಆಟ ಬಿಟ್ಟು ಅವಳ ಮುಖವನ್ನೇ ನೋಡಿದ. "ಆಯಿ, ನೀ ಎಂತಕ್ಕೆ ಟಿವಿಯವ್ರ ಹಾಂಗೆ ಮಾತಾಡ್ತೆ?" ಅಂದಿನಿಂದ ಪ್ರತಿ ತಾಯಿಗೂ ಅವರ ಮನೆಮಾತಿನಲ್ಲೇ ಹೇಳಿಸುತ್ತೇನೆ. ಹವ್ಯಕರ ಮನೆಯಲ್ಲಿ "ತಮಾ, ಸಿಟ್ಟು ಬಂಜು ನಿಂಗೆ" ಅಂದರೆ ಮುಗಿಯಿತು. ಕೊಂಕಣಿ ಮನೆಯವರಿಗೆ "ರಾಗ್" ಅನ್ನುವ ಒಂದು ಶಬ್ದ ಸಾಕು. ಮಿತಿ ಹಾಕುವುದೂ ಹಾಗೇ. ಆಸೆಯನ್ನು ಹೇಳು, ಗೆರೆಯನ್ನು ಹೇಳು, ಬೇರೆ ದಾರಿ ತೋರಿಸು ಎಂಬ ಮೂರು ಮೆಟ್ಟಿಲು "ಹೊಡೆಯವು ಕಾಣ್ತು ನಿಂಗೆ. ಆಯಿ ಹೊಡೆಯಲೆ ಅಲ್ಲ. ಹೊಡೆಯಲೆ ದಿಂಬು ಇದ್ದು" ಅನ್ನುವಷ್ಟರಲ್ಲಿ ಕೂತುಬಿಡುತ್ತದೆ.

ಈ ವಿಧಾನ ಕೆಲಸ ಮಾಡುತ್ತದೆ ಎಂದು ನನಗೆ ಖಾತ್ರಿಯಾದದ್ದು ಒಂದು ಹಗ್ಗದ ತುಂಡಿನಿಂದ. ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಹುಡುಗನಿಗೆ ಏಳು ವರ್ಷ, ಅಪ್ಪ ಟ್ರಾಲ್ ಬೋಟಿನಲ್ಲಿ ಹೋಗುವವರು. ಸೆಪ್ಟೆಂಬರಿನಲ್ಲಿ ಬಂದರು. ತಂಗಿಗೆ ಹೊಡೆಯುತ್ತಾನೆ, ಕದಿಯುವ ಚಟ ಬೇರೆ ಹತ್ತಿದೆ ಎಂಬ ದೂರು. ಟಾರ್ಚು, ಚಾರ್ಜರು, ಅಪ್ಪನ ರೇನ್‌ಕೋಟು ಅಕ್ಕಿ ಡಬ್ಬದ ಹಿಂದೆ ಸಿಕ್ಕಿದ್ದವು. ಬೆತ್ತದ ಪೆಟ್ಟೂ ಬಿದ್ದಿತ್ತು. "ಎರಡು ತಿಂಗಳು ಬೋಟ್ ಬಂದ್, ಅವ್ರು ಮನೇಲೇ ಇದ್ರು, ಮುದ್ದು ಮಾಡಿ ಹಾಳು ಮಾಡಿದ್ರು" ಎಂಬುದು ತಾಯಿಯ ತೀರ್ಮಾನ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆ ಎರಡು ತಿಂಗಳ ಮಾತು.

ಮನೆಗೆ ಕೊಡುವ ಚೀಲದಲ್ಲಿ ಆ ಹಲಸಿನ ದೋಣಿಯಂಥದ್ದೇ ಒಂದು ದೋಣಿ, ಎರಡು ಮಾರು ಹಗ್ಗ ಇರುತ್ತದೆ. ನಾಲ್ಕನೇ ವಾರ ಹುಡುಗ ದೋಣಿಯನ್ನು ಸ್ಟೂಲಿನ ಕಾಲಿಗೆ ಕಟ್ಟಿದ. ಒಂದಲ್ಲ, ಒಂಬತ್ತು ಹತ್ತು ಸುತ್ತು. ತಾಯಿ, "ಬೋಟು ಸಮುದ್ರಕ್ಕೆ ಹೋಗ್ಬೇಕಲ್ಲ, ಬಿಚ್ಚು" ಅಂದಳಂತೆ. ಅವನು ಕಿರುಚಿ ಅಡುಗೆ ಸೆಟ್ಟು ಎಸೆದ. ಶನಿವಾರ ಬಂದು ಹೇಳಿದಾಗ ನಾನು ಅರ್ಥ ಬಿಡಿಸಲಿಲ್ಲ. ಮುಂದಿನ ಸಲ ಕಂಡದ್ದನ್ನಷ್ಟೇ ಹೇಳಿ ಅಂದೆ. ಐದನೇ ವಾರ ಮತ್ತೆ ಅದೇ ಸ್ಟೂಲು, ಅದೇ ಹಗ್ಗ. ಈ ಸಲ ಅವಳು, "ಬೋಟು ಎಲ್ಲೂ ಹೋಗೂ ಹಾಂಗಿಲ್ಲ" ಅಂದಳು. ಹುಡುಗ ಕೊನೆಯ ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿ, "ಹೂಂ. ಗಾಳಿ ಬಂದ್ರೂ ಹೋಗೂದಿಲ್ಲ" ಅಂದನಂತೆ.

ಇದನ್ನು ಹೇಳುತ್ತಾ ಹೇಳುತ್ತಾ ಅವಳು ನಡುವೆ ನಿಂತುಬಿಟ್ಟಳು. ಚಹಾ ಕೈಯಲ್ಲೇ ಇತ್ತು. ಸುಮಾರು ಹೊತ್ತು ಆದಮೇಲೆ, "ಅಕ್ಕೋರೇ, ಅಂವ ಕದಿಯೂದು ಅವರಪ್ಪ ಬೋಟಿಗೆ ಒಯ್ಯೂ ಸಾಮಾನು ಮಾತ್ರ" ಅಂದಳು. ಮನೆಯಲ್ಲಿ ಚಿಲ್ಲರೆ ದುಡ್ಡು ಎದುರಿಗೇ ಇರುತ್ತಿತ್ತು, ಅದನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ನಾನು ಅದೇ ಮಾತನ್ನು ಎರಡನೇ ವಾರದಲ್ಲೇ ಹೇಳಿದ್ದರೆ ತಲೆ ಆಡಿಸಿ ಹೋಗುತ್ತಿದ್ದಳು. ಅವಳೇ ಕಂಡದ್ದರಿಂದ ಮುಂದಿನದ್ದನ್ನೂ ಅವಳೇ ಮಾಡಿದಳು. ಅಪ್ಪ ಹೊರಡುವ ಮುನ್ನ ಕ್ಯಾಲೆಂಡರಿನಲ್ಲಿ ಬರುವ ದಿನಕ್ಕೆ ಮಗನ ಕೈಯಲ್ಲೇ ದೋಣಿಯ ಚಿತ್ರ ಬರೆಸುವುದು, ಚೀಲ ತುಂಬುವಾಗ ಮಗನೇ ರೇನ್‌ಕೋಟು ಮಡಚಿ ಕೊಡುವುದು. ಮೂರು ವಾರದಲ್ಲಿ ಬಚ್ಚಿಡುವುದು ನಿಂತಿತು. ತಂಗಿಗೆ ಹೊಡೆಯುವುದು ಕಡಿಮೆಯಾಗಲು ಸಂಕ್ರಾಂತಿ ದಾಟಿತು, ಪೂರ್ತಿ ಇನ್ನೂ ಹೋಗಿಲ್ಲ.

ನಡುನಡುವೆ ಮಾಡಿದ ಬೇರೆ ಪ್ರಯೋಗಗಳೂ ಇವೆ. ಕಾರವಾರದ ಆಚೆ ಮಾಜಾಳಿಯಿಂದ ಗುಡ್ಡ ದಾಟಿ ತಿಳ್‌ಮಾತಿ ಕಡಲತೀರಕ್ಕೆ ಹೋಗಿ, ಎಳ್ಳಿನಂಥ ಆ ಕಪ್ಪು ಮರಳನ್ನು ಒಂದು ಡಬ್ಬದಷ್ಟು ತಂದು ಪಕ್ಕದಲ್ಲಿಟ್ಟೆ. ಹೆಚ್ಚಿನ ಮಕ್ಕಳು ಮುಟ್ಟಲಿಲ್ಲ. ಇಬ್ಬರು ಮಾತ್ರ ಅದನ್ನು ಬಿಳಿ ಮರಳಿನ ಮೇಲೆ ಸುರಿದು "ರಾತ್ರಿ ಆಯ್ತು" ಅಂದರು, ಇಬ್ಬರಿಗೂ ನಿದ್ದೆಯ ತೊಂದರೆ ಇತ್ತು. ಎರಡರಿಂದ ಯಾವ ಸಿದ್ಧಾಂತವನ್ನೂ ಕಟ್ಟುವುದಿಲ್ಲ, ಡಬ್ಬವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಅಡಿಕೆ ಹಾಳೆಯಲ್ಲಿ ಯಕ್ಷಗಾನದ ರಾಕ್ಷಸನ ಕಿರೀಟ ಮಾಡಿಸಿದೆ. ನಾನು ಈವರೆಗೆ ಮಾಡಿಸಿದ ಆಟಿಕೆಗಳಲ್ಲಿ ಇದಕ್ಕೆ ಸಮ ಇಲ್ಲ. ಬಾಯಿ ಬಿಡದ ಮಕ್ಕಳು ಅದನ್ನು ತಲೆಗಿಟ್ಟು ಆರ್ಭಟಿಸುತ್ತಾರೆ, ಮೇಳದ ಆಟ ನೋಡಿ ಬೆಳೆದ ತಾಯಿಗೂ ಆ ಕೂಗು ಹೆದರಿಕೆ ಹುಟ್ಟಿಸುವುದಿಲ್ಲ. ಒಂಬತ್ತು ದಾಟಿದವರಿಗೆ ಚೆನ್ನೆಮಣೆ ಇಟ್ಟೆ. ಯಾರು ಕಾಯಿ ಕದಿಯುತ್ತಾರೆ, ಯಾರು ಬೇಕೆಂದೇ ಸೋಲುತ್ತಾರೆ ಎಂಬುದನ್ನು ಅಪ್ಪಂದಿರು ತಾವಾಗಿ ಗಮನಿಸತೊಡಗಿದರು. ಅಜ್ಜಂದಿರನ್ನು ಕೂರಿಸಿದ್ದು ಅರ್ಧ ಗೆಲುವು. ಅವರಿಗೆ ಅವಸರ ಇಲ್ಲ, ಮೊಬೈಲ್ ಇಲ್ಲ, ಆದರೆ ಹತ್ತನೇ ನಿಮಿಷಕ್ಕೆ ಕತೆ ಹೇಳಲು ಶುರುಮಾಡುತ್ತಾರೆ, ಆಟ ಮಗುವಿನ ಕೈತಪ್ಪುತ್ತದೆ.

ಅಪ್ಪಂದಿರನ್ನು ಮೂರನೇ ವಾರದೊಳಗೆ ನೆಲಕ್ಕೆ ಇಳಿಸಲು ನಾನು ಒಂದು ಉಪಾಯ ಮಾಡುತ್ತೇನೆ. ಹತ್ತರಲ್ಲಿ ಏಳೆಂಟು ಜನ ಇಳಿಯುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಗೊತ್ತಾಗಿಬಿಟ್ಟರೆ ನಡೆಯದ ಉಪಾಯ ಅದು. ಮನೆಗೆ ಕೊಡುವ ಚೀಲದ ಒಂದು ವಸ್ತುವಿನ ಹೆಸರನ್ನು ಮಾತ್ರ ಹೇಳದೆ ಉಳಿಸಿದ್ದೇನೆ.

ಚೀಲದ ಅಸಲು ಆರುನೂರೈವತ್ತರಿಂದ ಏಳುನೂರು ಬೀಳುತ್ತದೆ. ಮನೆಯವರ ಗೊಂಬೆಗಳು, ಡಾಕ್ಟರ್ ಸೆಟ್ಟು, ಬ್ಯಾಂಡ್‌ಏಡ್, ಹಾವು, ಮೊಸಳೆ, ಆಟದ ಫೋನು, ಮಣ್ಣು, ಬಣ್ಣದ ಕಡ್ಡಿ, ದೋಣಿ, ಹಗ್ಗ. ವಾರದ ಆ ಅರ್ಧ ಗಂಟೆ ಬಿಟ್ಟು ಚೀಲ ಬಿಚ್ಚುವಂತಿಲ್ಲ ಎಂಬ ನಿಯಮ ಮುರಿದ ಮನೆಗಳಲ್ಲಿ ಏನೂ ಪ್ರಯೋಜನ ಆಗಲಿಲ್ಲ, ಇದನ್ನು ನಾಲ್ಕೈದು ಸಲ ನೋಡಿದ್ದೇನೆ. ಫೀಸು ಹತ್ತು ವಾರಕ್ಕೆ ಮೂರು ಸಾವಿರ, ಚೀಲವೂ ಸೇರಿ. ಮೊದಲು ವಾರವಾರ ಮುನ್ನೂರು ತೆಗೆದುಕೊಳ್ಳುತ್ತಿದ್ದೆ, ಹಬ್ಬ ಮದುವೆ ಬಂದರೆ ಬಿಟ್ಟುಬಿಡುತ್ತಿದ್ದರು. ಒಟ್ಟಿಗೆ ಕೊಟ್ಟವರು ಮುಗಿಸುತ್ತಾರೆ. ಇಲ್ಲದವರಿಗೆ ಎರಡು ಕಂತು, ಬ್ಯಾಚಿಗೆ ಒಬ್ಬರಿಗೆ ಪುಕ್ಕಟೆ. ಮೂರನೇ ವರ್ಷದಿಂದ ಬಾಡಿಗೆ ಹೋಗಿ ಕೈಯಲ್ಲಿ ಏನಾದರೂ ಉಳಿಯುತ್ತಿದೆ.

ಎಲ್ಲ ಮಕ್ಕಳನ್ನೂ ಇದಕ್ಕೆ ಸೇರಿಸಿಕೊಳ್ಳುವುದಿಲ್ಲ. ಮಾತು ತಡವಾದ, ಕಣ್ಣಿಗೆ ಕಣ್ಣು ಕೊಡದ ಮಗುವಿಗೆ ಮೊದಲು ತಪಾಸಣೆ ಆಗಲಿ ಅನ್ನುತ್ತೇನೆ. ತಾಯಿಯೇ ಕುಸಿದು ಹೋಗಿದ್ದರೆ ಅವಳ ಚಿಕಿತ್ಸೆ ಮೊದಲು. ಆಟದಲ್ಲಿ ಲೈಂಗಿಕ ದೌರ್ಜನ್ಯದ ಅನುಮಾನ ಹುಟ್ಟಿದರೆ ಹತ್ತು ವಾರದ ಮಾತೇ ಇಲ್ಲ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸುವುದು ನಮ್ಮ ಕರ್ತವ್ಯ, ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೇನೆ. ಒಂದು ಸಲ ಬಳಸಬೇಕಾಗಿಯೂ ಬಂತು.

ಮುಂದಿನ ಬ್ಯಾಚನ್ನು ಆಗಸ್ಟ್ ಬದಲು ಜೂನಿನಲ್ಲೇ ಶುರುಮಾಡುತ್ತಿದ್ದೇನೆ. ಬೋಟಿನ ಅಪ್ಪಂದಿರು ಮನೆಯಲ್ಲಿರುವ ಎರಡು ತಿಂಗಳಲ್ಲಿ ಎಂಟು ವಾರ ಮುಗಿಯುತ್ತದೆ, ಉಳಿದ ಎರಡು ವಾರ ಬೋಟು ಹೊರಟ ಮೇಲೆ. ಐದು ಮನೆಯವರು ಹೆಸರು ಕೊಟ್ಟಿದ್ದಾರೆ, ಅದರಲ್ಲಿ ಮೂವರು ಅಪ್ಪಂದಿರು ತಾವೇ ಫೋನ್ ಮಾಡಿದವರು. ಬಡಗಿಗೆ ಇನ್ನೂ ಐದು ದೋಣಿಗೆ ಹೇಳಿದ್ದೇನೆ, ಮರಳು ಹುರಿಯಲು ಸೌದೆಯೂ ತಂದಿಟ್ಟಾಗಿದೆ.